ಇಸಿಜಿ ಕಾಗದದ ಹಿಂದಿನ ಮನುಷ್ಯ

2025ರ ಜೂನ್ ತಿಂಗಳು ನೆನಪಿದೆಯಲ್ಲ? ನಮ್ಮ ಹಾಸನ ದಿನಾ ಟಿವಿಯಲ್ಲಿ ಬರ್ತಿತ್ತು. ಸುಮಾರು ನಲವತ್ತು ದಿನದಲ್ಲಿ ಇಪ್ಪತ್ತಕ್ಕೂ ಹೆಚ್ಚು ಜನ ಹೃದಯಾಘಾತದಿಂದ ಹೋದರು ಅನ್ನೋ ಸುದ್ದಿ. ಅದರಲ್ಲಿ ಚಿಕ್ಕ ವಯಸ್ಸಿನವರೂ ಇದ್ದರು. ಹೊಳೆನರಸೀಪುರದ ಫ್ರೆಂಡ್‌ಗೆ ಫೋನ್ ಮಾಡಿದರೂ ಅದೇ ಮಾತು, ಅರಕಲಗೂಡಿನ ಅತ್ತೆಗೆ ಮಾಡಿದರೂ ಅದೇ ಮಾತು. ಮೈಸೂರಿನ ಜಯದೇವ ಆಸ್ಪತ್ರೆ ಮುಂದೆ ಬೆಳಗಾಗುವಷ್ಟರಲ್ಲಿ ಕ್ಯೂ. ಹಾಸ್ಟೆಲ್‌ನಲ್ಲಿ ಯಾರಾದರೂ ಎದೆ ಹಿಡಿದುಕೊಂಡರೆ ಸಾಕು, ಪಕ್ಕದವರ ಮುಖ ಬಿಳುಚಿಕೊಳ್ತಿತ್ತು.

ಚನ್ನರಾಯಪಟ್ಟಣದಲ್ಲಿ ನಮ್ಮಪ್ಪನಿಗೆ ಒಂದು ರಾತ್ರಿ ಎದೆ ಉರಿ. ಬೇರೆ ಸಮಯವಾಗಿದ್ದರೆ ಗ್ಯಾಸ್ ಅಂತ ಓಮದ ನೀರು ಕುಡಿದು ಮಲಗೋರು. ಆ ಜೂನ್‌ನಲ್ಲಿ ಅಮ್ಮ ಬಿಡಲಿಲ್ಲ. ಇಸಿಜಿ ಮಾಡಿಸಿದ್ದಾಯಿತು, ಏನೂ ತೊಂದರೆ ಇಲ್ಲ ಅಂದರು, ಕಾಗದವನ್ನು ನಾಲ್ಕು ಮಡಿಕೆ ಮಾಡಿ ಪ್ಲಾಸ್ಟಿಕ್ ಕವರ್‌ಗೆ ಹಾಕಿ ಮನೆಗೆ ತಂದರು. ಶನಿವಾರ ನಾನು ಊರಿಗೆ ಹೋದಾಗ ಆ ಕಾಗದ ಬಿಡಿಸಿ ನೋಡಿದೆ. ಕೆಳಗಡೆ ಸಣ್ಣ ಅಕ್ಷರದಲ್ಲಿ ಸೆಕೆಂಡಿಗೆ 25 ಮಿ.ಮೀ., ಮಿಲಿವೋಲ್ಟಿಗೆ 10 ಮಿ.ಮೀ. ಅಂತ ಇತ್ತು. ಇಸಿ ಬ್ರಾಂಚ್‌ನವರಿಗೆ ಇದು ನೋಡಿದ ತಕ್ಷಣ ಗೊತ್ತಾಗುತ್ತೆ. ನಮ್ಮ ಲ್ಯಾಬ್‌ನ ಸಿಆರ್‌ಓದಲ್ಲಿ ತಿರುಗಿಸ್ತೀವಲ್ಲ, ಟೈಮ್ ಪರ್ ಡಿವಿಷನ್, ವೋಲ್ಟ್ಸ್ ಪರ್ ಡಿವಿಷನ್, ಅದೇ. ಈ ಸೆಟ್ಟಿಂಗ್ ಇಟ್ಟವರು ಯಾರು ಅಂತ ಹುಡುಕಿಕೊಂಡು ಹೋದೆ. ಸಿಕ್ಕವರು ವಿಲೆಮ್ ಐಂಥೋವನ್. ಅವರು ನೂರ ಇಪ್ಪತ್ತು ವರ್ಷಕ್ಕೂ ಹಿಂದೆ ಇಟ್ಟ ಅಳತೆಯಲ್ಲೇ ಅಪ್ಪನ ಹೃದಯ ಅಚ್ಚಾಗಿತ್ತು.

ಐಂಥೋವನ್ ಹುಟ್ಟಿದ್ದು 1860ರ ಮೇ 21ರಂದು, ಜಾವಾ ದ್ವೀಪದ ಸೆಮಾರಾಂಗ್ ಎಂಬ ಊರಿನಲ್ಲಿ. ಈಗ ಅದು ಇಂಡೋನೇಷ್ಯಾ, ಆಗ ಡಚ್ಚರ ಕೈಯಲ್ಲಿತ್ತು. ತಂದೆ ಯಾಕೋಬ್ ಡಾಕ್ಟರ್. ಹುಡುಗನಿಗೆ ಆರು ವರ್ಷವಾಗಿದ್ದಾಗ ತಂದೆ ತೀರಿಕೊಂಡರು. ನಾಲ್ಕು ವರ್ಷ ಹೇಗೋ ಕಳೆದು, ತಾಯಿ ಆರು ಮಕ್ಕಳನ್ನು ಕಟ್ಟಿಕೊಂಡು ಹಡಗು ಹತ್ತಿ ಹಾಲೆಂಡಿನ ಉಟ್ರೆಕ್ಟ್‌ಗೆ ಬಂದರು. ಮೆಡಿಕಲ್ ಓದಿಸುವಷ್ಟು ದುಡ್ಡು ಮನೆಯಲ್ಲಿರಲಿಲ್ಲ. ಹಾಗಾಗಿ ಸೈನ್ಯದ ಜೊತೆ ಕರಾರು: ಫೀಸು ಸರ್ಕಾರದ್ದು, ಓದು ಮುಗಿದ ಮೇಲೆ ಸೈನ್ಯದ ಡಾಕ್ಟರಾಗಿ ವಸಾಹತಿನಲ್ಲಿ ಕೆಲಸ ಮಾಡಬೇಕು. ನಮ್ಮ ಕಡೆ ಎಂಬಿಬಿಎಸ್ ಮಾಡುವವರು ಬಾಂಡ್ ಬರೆದುಕೊಡ್ತಾರಲ್ಲ, ಥೇಟ್ ಅದೇ.

ಪುಸ್ತಕದ ಹುಳು ಅಂದುಕೊಳ್ಳಬೇಡಿ. ಕತ್ತಿವರಸೆ, ಜಿಮ್ನಾಸ್ಟಿಕ್ಸ್, ದೋಣಿ ಹುಟ್ಟು ಹಾಕೋದು, ಎಲ್ಲದರಲ್ಲೂ ಮುಂದು. ಆಟ ಆಡುವಾಗಲೇ ಬಿದ್ದು ಮಣಿಕಟ್ಟು ಮುರಿದುಕೊಂಡರು. ನಾವಾಗಿದ್ದರೆ ಪ್ಲಾಸ್ಟರ್ ಹಾಕಿಸಿಕೊಂಡು ಅಟೆಂಡೆನ್ಸ್‌ಗೆ ಮೆಡಿಕಲ್ ಸರ್ಟಿಫಿಕೇಟ್ ಕೊಡ್ತಿದ್ದೆವು. ಈ ಮನುಷ್ಯ ಸುಮ್ಮನೆ ಕೂತಿರಬೇಕಾದ ಆ ದಿನಗಳಲ್ಲಿ ಕೈ ಹೇಗೆ ತಿರುಗುತ್ತೆ ಅಂತ ಯೋಚಿಸಿ, ಮೊಣಕೈ ಕೀಲಿನ ಮೆಕ್ಯಾನಿಸಂ ಬಗ್ಗೆ 1882ರಲ್ಲಿ ಒಂದು ಪೇಪರ್ ಬರೆದರು. ದೇಹವನ್ನು ಯಂತ್ರದ ಹಾಗೆ ನೋಡುವ ಚಾಳಿ ಆಗಲೇ ಇತ್ತು ಅನ್ನಿಸುತ್ತೆ.

1885ರಲ್ಲಿ ಡಾಕ್ಟರೇಟ್. ಅದು ಹೃದಯದ ಬಗ್ಗೆ ಅಲ್ಲ, ಬೇರೆ ಬೇರೆ ಬಣ್ಣಗಳು ಕಣ್ಣಿಗೆ ಬೇರೆ ಬೇರೆ ದೂರದಲ್ಲಿ ಇರುವಂತೆ ಯಾಕೆ ಕಾಣುತ್ತವೆ ಅನ್ನೋದರ ಬಗ್ಗೆ. ಅದೇ ವರ್ಷ ಲೈಡನ್ ವಿಶ್ವವಿದ್ಯಾಲಯ ಅವರನ್ನು ಶರೀರಕ್ರಿಯಾಶಾಸ್ತ್ರದ ಪ್ರೊಫೆಸರ್ ಮಾಡಿತು. ವಯಸ್ಸು ಇಪ್ಪತ್ತೈದು! ಸೈನ್ಯದ ಬಾಂಡ್‌ನಿಂದ ಬಿಡಿಸಿಕೊಳ್ಳೋಕೆ ದುಡ್ಡು ಕಟ್ಟಬೇಕಾಯಿತು. ಮುಂದಿನ ವರ್ಷ ಮದುವೆ, ಆಮೇಲೆ ಮೂರು ಹೆಣ್ಣು, ಒಂದು ಗಂಡು. ಸಾಯುವವರೆಗೂ ಲೈಡನ್ ಬಿಡಲಿಲ್ಲ.

ಹೃದಯದಲ್ಲಿ ಕರೆಂಟ್ ಇದೆ ಅನ್ನೋದು ಐಂಥೋವನ್ ಕಂಡುಹಿಡಿದಿದ್ದಲ್ಲ. 1856ರಲ್ಲೇ ಕೋಲಿಕರ್ ಮತ್ತು ಮ್ಯೂಲರ್ ಎಂಬ ಇಬ್ಬರು ಜರ್ಮನಿಯಲ್ಲಿ ಅದನ್ನು ತೋರಿಸಿದ್ದರು. ಕಪ್ಪೆ ಕಾಲಿನ ನರವನ್ನು ಬಡಿಯುತ್ತಿರುವ ಹೃದಯದ ಮೇಲೆ ಇಟ್ಟರೆ, ಪ್ರತಿ ಬಡಿತಕ್ಕೂ ಆ ಕಾಲು ಅದುರುತ್ತಿತ್ತು. ಆದರೆ ಮನುಷ್ಯನ ಎದೆ ಸೀಳಿ ನರ ಇಡೋಕಾಗುತ್ತಾ? ಚರ್ಮದ ಮೇಲಿಂದಲೇ ಅಳೆಯಬೇಕು, ಅಲ್ಲಿ ಸಿಗೋದು ಹೆಚ್ಚುಕಡಿಮೆ ಒಂದು ಮಿಲಿವೋಲ್ಟ್. ಟ್ರಾನ್ಸಿಸ್ಟರ್ ಇಲ್ಲ, ಆಪ್ ಆಂಪ್ ಇಲ್ಲ, ವಾಲ್ವ್ ಕೂಡ ಇನ್ನೂ ಬಂದಿಲ್ಲ. ಆಂಪ್ಲಿಫೈಯರ್ ಅನ್ನೋ ವಸ್ತುವೇ ಇಲ್ಲದ ಕಾಲ.

1887ರಲ್ಲಿ ಲಂಡನ್ನಿನ ಅಗಸ್ಟಸ್ ವಾಲರ್ ಹೇಗೋ ಅದನ್ನು ಅಳೆದರು. ಅವರ ಉಪಕರಣ ಕ್ಯಾಪಿಲರಿ ಎಲೆಕ್ಟ್ರೋಮೀಟರ್: ಕೂದಲಿನಂಥ ಗಾಜಿನ ನಳಿಗೆಯಲ್ಲಿ ಪಾದರಸ, ಅದಕ್ಕೆ ತಾಗಿಕೊಂಡು ಗಂಧಕಾಮ್ಲ. ವೋಲ್ಟೇಜ್ ಬದಲಾದರೆ ಪಾದರಸದ ಅಂಚು ಸ್ವಲ್ಪ ಸರಿಯುತ್ತೆ, ಅದರ ನೆರಳನ್ನು ಫೋಟೋ ತೆಗೆಯೋದು. ವಾಲರ್ ತಮ್ಮ ಬುಲ್‌ಡಾಗ್ ಜಿಮ್ಮಿಯ ಕಾಲನ್ನು ಉಪ್ಪುನೀರಿನಲ್ಲಿ ನಿಲ್ಲಿಸಿ ಎಲ್ಲರಿಗೂ ತೋರಿಸುತ್ತಿದ್ದರು. (1909ರಲ್ಲಿ ಇದು ನಾಯಿಗೆ ಹಿಂಸೆ ಅಂತ ಬ್ರಿಟನ್ ಪಾರ್ಲಿಮೆಂಟ್‌ನಲ್ಲಿ ಪ್ರಶ್ನೆ ಬೇರೆ ಎದ್ದಿತು. ಜಿಮ್ಮಿ ಪಾಪ ಆರಾಮಾಗಿ ನಿಂತಿತ್ತು.) 1889ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ನಡೆದ ಸಮ್ಮೇಳನದಲ್ಲಿ ವಾಲರ್ ಅವರ ಪ್ರದರ್ಶನ ನೋಡಿದವರಲ್ಲಿ ಐಂಥೋವನ್ ಒಬ್ಬರು.

ವಾಲರ್ ತೆಗೆದ ಗೆರೆಯಲ್ಲಿ ಬರೀ ಎರಡು ಉಬ್ಬು. ಪಾದರಸ ಭಾರ, ಬೇಗ ಬೇಗ ಓಡೋಕಾಗಲ್ಲ. ಹೃದಯದ ಚೂಪಾದ ಸಿಗ್ನಲ್ಲನ್ನು ಅದು ನುಣ್ಣಗೆ ಮಾಡಿಬಿಡುತ್ತಿತ್ತು, ಅಂದರೆ ನಮ್ಮ ಭಾಷೆಯಲ್ಲಿ ಲೋ ಪಾಸ್ ಫಿಲ್ಟರ್. ಐಂಥೋವನ್ ಇಲ್ಲಿ ಮಾಡಿದ್ದು ನನಗೆ ಬಹಳ ಇಷ್ಟವಾದ ಕೆಲಸ. ಉಪಕರಣ ಎಷ್ಟು ನಿಧಾನ ಅಂತ ಮೊದಲು ಅಳೆದರು. ಆಮೇಲೆ ದಾಖಲಾದ ಗೆರೆಯ ಒಂದೊಂದು ಬಿಂದುವಿನಲ್ಲೂ ಇಳಿಜಾರು ಎಷ್ಟಿದೆ ನೋಡಿ, ಲೆಕ್ಕ ಹಾಕಿ, ನಿಜವಾದ ಸಿಗ್ನಲ್ ಹೇಗಿದ್ದಿರಬೇಕು ಅಂತ ಕೈಯಲ್ಲೇ ಬಿಡಿಸಿದರು. ಔಟ್‌ಪುಟ್ ಗೊತ್ತು, ಸಿಸ್ಟಮ್ ಗೊತ್ತು, ಇನ್‌ಪುಟ್ ಕಂಡುಹಿಡಿ. ಸಿಗ್ನಲ್ಸ್ ಆಂಡ್ ಸಿಸ್ಟಮ್ಸ್ ಪೇಪರ್‌ನಲ್ಲಿ ಇದೇ ಪ್ರಶ್ನೆಗೆ ನನಗೆ ಅರ್ಧ ಮಾರ್ಕ್ಸ್ ಬಂದಿದೆ!

1895ರಲ್ಲಿ ಹೊರಬಂದ ಆ ಸರಿಪಡಿಸಿದ ಗೆರೆಯಲ್ಲಿ ಎರಡಲ್ಲ, ಐದು ಏರಿಳಿತಗಳಿದ್ದವು. ಹಳೆಯ ಗೆರೆಯ ಭಾಗಗಳಿಗೆ ಎ, ಬಿ, ಸಿ, ಡಿ ಅಂತ ಹೆಸರಿದ್ದುದರಿಂದ, ಗೊಂದಲ ಬೇಡ ಅಂತ ಅಕ್ಷರಮಾಲೆಯ ನಡುವಿನಿಂದ ಶುರು ಮಾಡಿ ಪಿ, ಕ್ಯೂ, ಆರ್, ಎಸ್, ಟಿ ಅಂತ ಕರೆದರು. ಇವತ್ತಿಗೂ ಡಾಕ್ಟರುಗಳು ಅದೇ ಅಕ್ಷರ ಬಳಸ್ತಾರೆ.

ಆದರೆ ಒಂದೊಂದು ಬಡಿತಕ್ಕೂ ಕೂತು ಲೆಕ್ಕ ಹಾಕುತ್ತಾ ರೋಗಿ ನೋಡೋಕಾಗುತ್ತಾ? ರಸ್ತೆಯಲ್ಲಿ ಕುದುರೆ ಗಾಡಿ ಹೋದರೂ ಪಾದರಸ ಅಲುಗುತ್ತಿತ್ತು, ಅದಕ್ಕೆ ಲ್ಯಾಬಿನ ನೆಲ ಅಗೆಸಿ ಕಲ್ಲು ತುಂಬಿಸಿದರು ಅಂತಲೂ ಹೇಳ್ತಾರೆ. ಕೊನೆಗೆ ಪಾದರಸದ ಸಹವಾಸವೇ ಬೇಡ ಅಂತ ಬೇರೆ ಉಪಕರಣಕ್ಕೆ ಕೈ ಹಾಕಿದರು. ಅದೇ ಸ್ಟ್ರಿಂಗ್ ಗ್ಯಾಲ್ವನೋಮೀಟರ್. ಅದರ ಮೊದಲ ವಿವರಣೆ 1901ರಲ್ಲಿ ಪ್ರಕಟವಾಯಿತು.

ತತ್ವ ನಮಗೆಲ್ಲ ಪಿಯುಸಿಯಲ್ಲೇ ಗೊತ್ತು. ಕಾಂತಕ್ಷೇತ್ರದಲ್ಲಿರುವ ತಂತಿಯಲ್ಲಿ ಕರೆಂಟ್ ಹರಿದರೆ ತಂತಿಯ ಮೇಲೆ ಬಲ ಬೀಳುತ್ತೆ. ಕರೆಂಟ್ ತೀರಾ ಕಡಿಮೆ ಇದೆ, ಅದನ್ನು ಹೆಚ್ಚು ಮಾಡೋಕಾಗಲ್ಲ. ಹಾಗಿದ್ದರೆ ಉಳಿದಿದ್ದು ಎರಡೇ ದಾರಿ: ಕಾಂತ ದೊಡ್ಡದು ಮಾಡು, ತಂತಿ ಹಗುರ ಮಾಡು. ಐಂಥೋವನ್ ಎರಡನ್ನೂ ಅತಿಗೆ ಒಯ್ದರು. ತಂತಿಗೆ ಕ್ವಾರ್ಟ್ಸ್ ಎಳೆ. ಅದನ್ನು ತೆಗೆಯುವ ವಿಧಾನ ಕೇಳಿ: ಕ್ವಾರ್ಟ್ಸ್ ಕರಗಿಸಿ, ಅದರ ತುದಿಯನ್ನು ಬಾಣಕ್ಕೆ ಅಂಟಿಸಿ, ಬಿಲ್ಲಿನಿಂದ ಬಾಣ ಬಿಡೋದು! ಬಾಣ ಹಾರಿದ ಹಿಂದೆ ಜೇಡರ ಬಲೆಯಂಥ ನೂಲು ಉಳಿಯುತ್ತೆ. ಇಂಗ್ಲೆಂಡಿನ ಬಾಯ್ಸ್ ಎಂಬ ಭೌತವಿಜ್ಞಾನಿ ಕಂಡುಕೊಂಡ ಉಪಾಯ ಇದು. ಎಳೆಯ ದಪ್ಪ ಎರಡು ಮೂರು ಮೈಕ್ರಾನ್, ನಮ್ಮ ತಲೆಕೂದಲಿನ ಇಪ್ಪತ್ತರಲ್ಲಿ ಒಂದು ಪಾಲಿಗಿಂತಲೂ ಕಡಿಮೆ. ಕರೆಂಟ್ ಹರಿಯಲಿ ಅಂತ ಅದಕ್ಕೆ ಬೆಳ್ಳಿ ಲೇಪ. ಕಾಂತಕ್ಕೆ ಭಾರಿ ಎಲೆಕ್ಟ್ರೋಮ್ಯಾಗ್ನೆಟ್, ಅದು ಬಿಸಿಯಾಗದಿರಲು ಸುತ್ತ ನೀರು. ಎಳೆಯ ಹಿಂದೆ ಆರ್ಕ್ ದೀಪ, ಮುಂದೆ ಮೈಕ್ರೋಸ್ಕೋಪ್, ದೊಡ್ಡದಾದ ನೆರಳು ಚಲಿಸುವ ಫೋಟೋ ಪ್ಲೇಟ್ ಮೇಲೆ. ಸಮಯದ ಗೆರೆ ಮೂಡಿಸೋಕೆ ತಿರುಗುವ ಚಕ್ರದ ಕಡ್ಡಿಗಳ ನೆರಳು. ಎಲ್ಲ ಸೇರಿ ಸುಮಾರು 270 ಕಿಲೋ, ಎರಡು ಕೋಣೆ ತುಂಬ. ನಡೆಸೋಕೆ ಐದು ಜನ.

ಇಷ್ಟೆಲ್ಲ ಆದ ಮೇಲೆ ಪ್ಲೇಟ್ ಮೇಲೆ ಬಂದ ಗೆರೆ ಹೇಗಿತ್ತು ಗೊತ್ತಾ? ಎಂಟು ವರ್ಷದ ಹಿಂದೆ ಅವರು ಲೆಕ್ಕ ಹಾಕಿ ಬಿಡಿಸಿದ ಗೆರೆಯ ಹಾಗೇ. 1903ರ ಅವರ ದೊಡ್ಡ ಪ್ರಬಂಧದಲ್ಲಿ ಎರಡನ್ನೂ ಹೋಲಿಸಿ ನೋಡಬಹುದಿತ್ತು. ಒಂದು ಮಿಲಿಮೀಟರ್ ಅಡ್ಡಕ್ಕೆ 0.04 ಸೆಕೆಂಡ್, ಒಂದು ಮಿಲಿಮೀಟರ್ ಎತ್ತರಕ್ಕೆ 0.1 ಮಿಲಿವೋಲ್ಟ್ ಅನ್ನೋ ಅಳತೆ ಅಲ್ಲಿಂದಲೇ ಬಂದಿದ್ದು. ಅಪ್ಪನ ಕಾಗದದ ಸಣ್ಣ ಚೌಕ ಅಂದರೆ ಇದೇ.

ಎಲೆಕ್ಟ್ರೋಡ್ ಬದಲು ಆಗ ಉಪ್ಪುನೀರಿನ ಬಕೆಟ್. ರೋಗಿ ಕುರ್ಚಿಯಲ್ಲಿ ಕೂತು ಎರಡು ಕೈ ಎರಡು ಪಾತ್ರೆಯಲ್ಲಿ, ಎಡಗಾಲು ಇನ್ನೊಂದರಲ್ಲಿ ಅದ್ದಬೇಕಿತ್ತು. ಈ ಮೂರು ಬಿಂದುಗಳ ನಡುವೆ ಎರಡೆರಡು ತೆಗೆದುಕೊಂಡರೆ ಮೂರು ಲೀಡ್. ಬಲಗೈ ಎಡಗೈ ಒಂದನೇದು, ಬಲಗೈ ಎಡಗಾಲು ಎರಡನೇದು, ಎಡಗೈ ಎಡಗಾಲು ಮೂರನೇದು. ಹೃದಯ ನಡುವೆ ಇರುವ ಒಂದು ತ್ರಿಕೋನ ಅಂತ ಇದನ್ನು ಅವರು ಕಲ್ಪಿಸಿಕೊಂಡರು. ಒಂದನೇದನ್ನೂ ಮೂರನೇದನ್ನೂ ಕೂಡಿದರೆ ಎರಡನೇದು ಬರಬೇಕು. ಮೆಡಿಕಲ್‌ನವರು ಇದನ್ನು ಐಂಥೋವನ್ ನಿಯಮ ಅಂತ ಬಾಯಿಪಾಠ ಮಾಡ್ತಾರೆ, ನಮಗೆ ಅದು ಮೊದಲ ಸೆಮಿಸ್ಟರಿನ ಕಿರ್ಚಾಫ್.

ಈಗ ಒಂದು ಸಮಸ್ಯೆ. ರೋಗಿಗಳು ಇರೋದು ಆಸ್ಪತ್ರೆಯಲ್ಲಿ, ಯಂತ್ರ ಇರೋದು ಒಂದೂವರೆ ಕಿಲೋಮೀಟರ್ ಆಚೆ ಲ್ಯಾಬ್‌ನಲ್ಲಿ. 270 ಕಿಲೋ ಯಂತ್ರ ಎತ್ತೋಕಾಗಲ್ಲ, ಉಸಿರಾಡೋಕೆ ಕಷ್ಟ ಪಡುವ ರೋಗಿಯನ್ನು ಕುದುರೆ ಗಾಡಿಯಲ್ಲಿ ಕುಲುಕಿಸಿ ತರೋಕಾಗಲ್ಲ. ಐಂಥೋವನ್ ಎರಡರ ನಡುವೆ ಟೆಲಿಫೋನ್ ತಂತಿ ಎಳೆಸಿದರು. 1905ರ ಮಾರ್ಚ್ 22ರಂದು ಆಸ್ಪತ್ರೆಯಲ್ಲಿ ಬಕೆಟ್‌ನಲ್ಲಿ ಕೈ ಅದ್ದಿದವನ ಹೃದಯ ಲ್ಯಾಬ್‌ನಲ್ಲಿ ದಾಖಲಾಯಿತು. ಮೊದಲ ಸಲ ಪ್ರಯೋಗಕ್ಕೆ ಕೂತಿದ್ದು ರೋಗಿಯಲ್ಲ, ಗಟ್ಟಿಮುಟ್ಟಾದ ಆಳು. ಆರ್ ಅಲೆ ಎತ್ತರವಾಗಿ ಬಂತು, ಲ್ಯಾಬಿನಿಂದ ಆಸ್ಪತ್ರೆಗೆ ಸೈಕಲ್ ತುಳಿದುಕೊಂಡು ಹೋಗಿದ್ದಕ್ಕೆ ಹಾಗೆ ಅಂದುಕೊಂಡರು.

ನಮ್ಮ ರಾಜ್ಯದ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆ ಬಗ್ಗೆ ಓದಿದಾಗ ನನಗೆ ಈ ತಂತಿಯೇ ನೆನಪಾಯಿತು. ತಾಲೂಕು ಆಸ್ಪತ್ರೆಯಲ್ಲಿ ತೆಗೆದ ಇಸಿಜಿ ನಿಮಿಷಗಳಲ್ಲಿ ಜಯದೇವದಂಥ ದೊಡ್ಡ ಆಸ್ಪತ್ರೆಯ ತಜ್ಞರ ಕಣ್ಣಿಗೆ ಹೋಗುತ್ತೆ, ರಕ್ತನಾಳ ಕಟ್ಟಿದ್ದರೆ ಹೆಪ್ಪು ಕರಗಿಸುವ ಇಂಜೆಕ್ಷನ್ ಅಲ್ಲೇ ಕೊಡ್ತಾರೆ. ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ಎಲ್ಲ ಹಾಸನದಿಂದ ಮೂವತ್ತು ನಲವತ್ತು ಕಿಲೋಮೀಟರ್. ಆ ದಾರಿಯಲ್ಲಿ ಕಳೆಯುವ ಒಂದು ಗಂಟೆ ಕೆಲವರ ಪಾಲಿಗೆ ಪೂರ್ತಿ ಜೀವ.

ಐಂಥೋವನ್ ಕೈಯಲ್ಲಿ ಗೆರೆ ಇತ್ತು, ಅಕ್ಷರ ಇತ್ತು. ಆದರೆ ಆ ಗೆರೆ ಹೃದಯದ ಯಾವ ಜಾಗದಿಂದ ಹುಟ್ಟುತ್ತೆ? ಅದರ ಉತ್ತರ ಬೇರೆ ಕಡೆಯಿಂದ ಬಂತು. ಜಪಾನಿನಿಂದ ಜರ್ಮನಿಗೆ ಓದಲು ಬಂದಿದ್ದ ಸುನಾವೊ ತವಾರ 1906ರಲ್ಲಿ ಹೃದಯದ ನಡುವೆ ಒಂದು ಗಂಟನ್ನೂ ಅಲ್ಲಿಂದ ಕವಲೊಡೆಯುವ ಎಳೆಗಳ ಜಾಲವನ್ನೂ ಪೂರ್ತಿಯಾಗಿ ಬಿಡಿಸಿ ತೋರಿಸಿದರು. 1907ರಲ್ಲಿ ಇಂಗ್ಲೆಂಡಿನಲ್ಲಿ ಆರ್ಥರ್ ಕೀತ್ ಮತ್ತು ಅವರ ಜೊತೆಗಿದ್ದ ವಿದ್ಯಾರ್ಥಿ ಮಾರ್ಟಿನ್ ಫ್ಲ್ಯಾಕ್, ಬಲ ಮೇಲ್ಕೋಣೆಯ ತುದಿಯಲ್ಲಿ ಇನ್ನೊಂದು ಗಂಟು ಕಂಡರು. ಬಡಿತ ಶುರುವಾಗೋದು ಅಲ್ಲಿಂದ.

ಸರ್ಕ್ಯೂಟ್ ಹೀಗಿದೆ. ಮೇಲಿನ ಗಂಟು, ಅಂದರೆ ಸೈನಸ್ ನೋಡ್, ನಮ್ಮ ಕ್ಲಾಕ್ ಜನರೇಟರ್. ಮೆದುಳು ಹೇಳಲಿ ಬಿಡಲಿ, ಅದರ ಕೋಶಗಳು ತಾವಾಗಿಯೇ ಚಾರ್ಜ್ ಬದಲಿಸಿಕೊಳ್ಳುತ್ತಾ ನಿಮಿಷಕ್ಕೆ 60ರಿಂದ 100 ಸಲ ಸಿಡಿಯುತ್ತವೆ. ಮೆದುಳಿನ ನರಗಳು ವೇಗ ಹೆಚ್ಚು ಕಡಿಮೆ ಮಾಡಬಹುದು ಅಷ್ಟೇ. ಅಲ್ಲಿಂದ ಅಲೆ ಕೋಶದಿಂದ ಕೋಶಕ್ಕೆ ದಾಟುತ್ತಾ ಎರಡೂ ಮೇಲ್ಕೋಣೆಗಳಿಗೆ ಹರಡುತ್ತೆ. ಕಾಗದದ ಮೇಲೆ ಅದು ಪಿ, ಒಂದು ಸಣ್ಣ ದಿಬ್ಬ. ಮೇಲ್ಕೋಣೆಗೂ ಕೆಳಕೋಣೆಗೂ ನಡುವೆ ಕರೆಂಟ್ ಹರಿಯದ ಗೋಡೆಯಿದೆ, ದಾಟೋಕೆ ಇರೋದು ಒಂದೇ ದಾರಿ, ತವಾರ ತೋರಿಸಿದ ಎವಿ ನೋಡ್. ಚನ್ನರಾಯಪಟ್ಟಣದಿಂದ ಹಾಸನಕ್ಕೆ ಬರುವಾಗ ಶಾಂತಿಗ್ರಾಮ ಟೋಲ್‌ನಲ್ಲಿ ಎಲ್ಲ ಗಾಡಿ ನಿಧಾನ ಆಗುತ್ತಲ್ಲ, ಇಲ್ಲೂ ಹಾಗೆ. ಸೆಕೆಂಡಿನ ಹತ್ತನೇ ಒಂದು ಭಾಗದಷ್ಟು ತಡೆ. ಆ ತಡೆ ಬೇಕೇ ಬೇಕು, ಮೇಲಿನ ಕೋಣೆಯ ರಕ್ತ ಕೆಳಗಿಳಿದು ತುಂಬೋಕೆ ಅಷ್ಟು ಸಮಯ ಬೇಕು. ಟೋಲ್ ದಾಟಿದ ಮೇಲೆ ಹೈವೇ. ಹಿಸ್ ಕಟ್ಟು, ಎಡ ಬಲ ಎರಡು ಕವಲು, ಕೊನೆಗೆ ಪರ್ಕಿಂಜೆ ಎಳೆಗಳು, ವೇಗ ಸೆಕೆಂಡಿಗೆ ಎರಡರಿಂದ ನಾಲ್ಕು ಮೀಟರ್. 0.12 ಸೆಕೆಂಡಿನೊಳಗೆ ಕೆಳಕೋಣೆಗಳ ಪೂರ್ತಿ ಸ್ನಾಯುವಿಗೆ ಸುದ್ದಿ ಮುಟ್ಟಿ ಎಲ್ಲ ಒಟ್ಟಿಗೆ ಹಿಂಡಬೇಕು. ಆ ಚೂಪು ಶಿಖರವೇ ಕ್ಯೂಆರ್‌ಎಸ್. ಮುಂದಿನ ಬಡಿತಕ್ಕೆ ಸ್ನಾಯು ರೀಸೆಟ್ ಆಗೋದು ಟಿ. ಮೇಲಿನ ಕ್ಲಾಕ್ ಕೆಟ್ಟರೆ ಎವಿ ನೋಡ್ ಹತ್ತಿರದ ಕೋಶಗಳು 40ರಿಂದ 60ರ ವೇಗದಲ್ಲಿ ತಾವೇ ಕೆಲಸ ವಹಿಸಿಕೊಳ್ತವೆ. ಬ್ಯಾಕಪ್ ಆಸಿಲೇಟರ್ ಇಟ್ಟೇ ಡಿಸೈನ್ ಆಗಿದೆ.

ಜೂನ್‌ನಲ್ಲಿ ನಾವೆಲ್ಲ ಗೊಂದಲ ಮಾಡಿಕೊಂಡಿದ್ದ ಒಂದು ವಿಷಯ ಇಲ್ಲಿ ಹೇಳಿಬಿಡ್ತೀನಿ. ಹೃದಯಾಘಾತ ಅಂದರೆ ಹೃದಯದ ಸ್ನಾಯುವಿಗೇ ರಕ್ತ ಕೊಡುವ ನಾಳ ಕಟ್ಟಿಕೊಳ್ಳೋದು, ಪ್ಲಂಬಿಂಗ್ ತೊಂದರೆ. ಹೃದಯ ಸ್ತಂಭನ ಅಂದರೆ ಬಡಿತವೇ ನಿಲ್ಲೋದು, ಬಹಳ ಸಲ ವೈರಿಂಗ್ ತೊಂದರೆ: ಕೆಳಕೋಣೆಯಲ್ಲಿ ಅಲೆಗಳು ದಿಕ್ಕುದೆಸೆಯಿಲ್ಲದೆ ಸುತ್ತಿ, ಸ್ನಾಯು ಹಿಂಡುವ ಬದಲು ಬರೀ ನಡುಗುತ್ತೆ. ಮೊದಲನೆಯದು ಎರಡನೆಯದಕ್ಕೆ ದಾರಿ ಮಾಡಬಹುದು. ನಾಳ ಕಟ್ಟಿದಾಗ ಎಸ್ ಮತ್ತು ಟಿ ನಡುವಿನ ಗೆರೆ ಮೇಲೇಳುತ್ತೆ ಅಂತ 1920ರಲ್ಲಿ ಅಮೆರಿಕದ ಪಾರ್ಡೀ ತೋರಿಸಿದ ಮೇಲೆ ಇಸಿಜಿ ಹೃದಯಾಘಾತ ಹಿಡಿಯುವ ಸಾಧನವಾಯಿತು. ಆದರೂ ಅದು ಹತ್ತು ಸೆಕೆಂಡಿನ ಚಿತ್ರ. ನಾಳದಲ್ಲಿ ಅರ್ಧ ಕೊಬ್ಬು ಕಟ್ಟಿದ್ದರೂ ಆ ಹತ್ತು ಸೆಕೆಂಡ್ ಚೆನ್ನಾಗಿಯೇ ಬರಬಹುದು. ಹಾಸನದ ಸಾವುಗಳನ್ನು ನೋಡಿದ ಸರ್ಕಾರಿ ಸಮಿತಿ ಕೊನೆಗೆ ಇದು ಅಸಹಜ ಏರಿಕೆ ಅಲ್ಲ ಅಂದಿತು. ಸತ್ತವರಲ್ಲಿ ಹಲವರಿಗೆ ಬಿಪಿ, ಶುಗರ್, ಸಿಗರೇಟಿನಂಥ ಕಾರಣಗಳು ಮೊದಲೇ ಇದ್ದವು. ಇಸಿಜಿ ನಾರ್ಮಲ್ ಅಂತ ಕೇಳಿ ಅಪ್ಪ ಮಾರನೇ ದಿನವೇ ಬೀಡಿ ಹಚ್ಚಿದರು. ಅಮ್ಮ ಮೂರು ದಿನ ಮಾತು ಬಿಟ್ಟಿದ್ದರು.

ಐಂಥೋವನ್ ವಿಷಯಕ್ಕೆ ಬರೋಣ. ಇದು ಆಸ್ಪತ್ರೆಗಳಲ್ಲಿ ಅಷ್ಟೇನೂ ಬಳಕೆಗೆ ಬರಲಾರದು ಅಂತ ಸ್ವತಃ ವಾಲರ್ ಅಂದುಕೊಂಡಿದ್ದರು. ಲಂಡನ್ನಿನ ಥಾಮಸ್ ಲೂಯಿಸ್ ಹಾಗೆ ಅಂದುಕೊಳ್ಳಲಿಲ್ಲ. ಯಂತ್ರವನ್ನು ರೋಗಿಗಳ ಹತ್ತಿರ ಒಯ್ದು, ತಾಳ ತಪ್ಪಿದ ಬಡಿತಗಳನ್ನೆಲ್ಲ ವಿಂಗಡಿಸಿದವರು ಅವರು. ಕೇಂಬ್ರಿಡ್ಜ್‌ನ ಕಂಪನಿಯೊಂದು ಯಂತ್ರವನ್ನು ಟೇಬಲ್ ಗಾತ್ರಕ್ಕೆ ಇಳಿಸಿತು. 1924ರ ನೊಬೆಲ್ ಐಂಥೋವನ್ ಒಬ್ಬರಿಗೇ ಬಂತು. ಆಗ ಅವರು ಅಮೆರಿಕದಲ್ಲಿ ಉಪನ್ಯಾಸಕ್ಕೆ ಹೋಗಿದ್ದರು.

ನೊಬೆಲ್ ದುಡ್ಡಿನ ಬಗ್ಗೆ ಒಂದು ಕಥೆ ಹೇಳ್ತಾರೆ. ಗ್ಯಾಲ್ವನೋಮೀಟರ್ ಕಟ್ಟುವಾಗ ಜೊತೆಗಿದ್ದ ಹಳೆಯ ಲ್ಯಾಬ್ ಸಹಾಯಕರೊಬ್ಬರನ್ನು ಐಂಥೋವನ್ ಹುಡುಕಿಕೊಂಡು ಹೋದರಂತೆ. ಆ ಮನುಷ್ಯ ಆಗಲೇ ತೀರಿಕೊಂಡಿದ್ದರು. ಬಡತನದಲ್ಲಿದ್ದ ಅವರ ಇಬ್ಬರು ಅಕ್ಕತಂಗಿಯರಿಗೆ ಬಹುಮಾನದ ಅರ್ಧ ದುಡ್ಡು ಕೊಟ್ಟು ಬಂದರಂತೆ. ನಮ್ಮ ಲ್ಯಾಬ್‌ಗಳಲ್ಲೂ ಸಿಆರ್‌ಓ ಪ್ರೋಬ್ ಹಾಳಾದರೆ ಸರಿ ಮಾಡುವವರು ಇರ್ತಾರೆ, ಪ್ರಾಜೆಕ್ಟ್ ರಿಪೋರ್ಟಿನಲ್ಲಿ ಅವರ ಹೆಸರು ಕೊನೇ ಸಾಲಿನಲ್ಲಾದರೂ ಇರುತ್ತಾ ಅಂತ ಒಮ್ಮೆ ನೋಡಿ.

ಮಗ ವಿಲೆಮ್ ನಮ್ಮ ಜಾತಿಯವನೇ, ಎಲೆಕ್ಟ್ರಿಕಲ್ ಎಂಜಿನಿಯರ್. ಅಪ್ಪನ ಎಳೆಯನ್ನು ನಿರ್ವಾತದಲ್ಲಿ ಇಟ್ಟು ಇನ್ನೂ ಚುರುಕು ಮಾಡಿ, ಅದರಿಂದ ವೈರ್‌ಲೆಸ್ ಸಂದೇಶ ಹಿಡಿಯುವ ಕೆಲಸ ಮಾಡಿದ. ಅಪ್ಪ ಮಗುವಾಗಿ ಬಿಟ್ಟುಬಂದ ಜಾವಾಗೆ ಮಗ ಹೋಗಿ ಬಾಂಡುಂಗ್ ರೇಡಿಯೋ ಲ್ಯಾಬಿನ ಮುಖ್ಯಸ್ಥನಾದ. ಎರಡನೇ ಮಹಾಯುದ್ಧದಲ್ಲಿ ಜಪಾನೀಯರ ಸೆರೆಯಲ್ಲಿ 1945ರಲ್ಲಿ ಸತ್ತ. ಅದನ್ನು ನೋಡಲು ಅಪ್ಪ ಇರಲಿಲ್ಲ. ಐಂಥೋವನ್ ಕ್ಯಾನ್ಸರ್‌ನಿಂದ ಬಹಳ ನರಳಿ 1927ರ ಸೆಪ್ಟೆಂಬರ್ 29ರಂದು ತೀರಿಕೊಂಡಿದ್ದರು. ವಯಸ್ಸು 67.

ಇಸಿಜಿ ಕಾಗದ ಶಾಖಕ್ಕೆ ಅಚ್ಚಾಗುವ ಕಾಗದ, ಬಸ್ ಟಿಕೆಟ್ ಹಾಗೆ ಕೆಲವು ವರ್ಷಕ್ಕೆ ಮಾಸಿಹೋಗುತ್ತೆ. ಅದಕ್ಕೇ ಅಪ್ಪನದನ್ನು ಜೆರಾಕ್ಸ್ ಮಾಡಿಸಿ ಇಟ್ಟಿದ್ದೀನಿ. ಮಾಡಿಸೋಕೆ ಮುಂಚೆ ಸ್ಕೇಲ್ ಇಟ್ಟು ಒಂದು ಬಡಿತ ಅಳೆದೆ. ಒಂದನೇ ಲೀಡ್‌ನಲ್ಲಿ 6 ಮಿ.ಮೀ., ಅದೇ ಕ್ಷಣಕ್ಕೆ ಮೂರನೇದರಲ್ಲಿ 4. ಎರಡನೇದರಲ್ಲಿ ಹತ್ತು ಬರಬೇಕು. ಒಂಬತ್ತೂವರೆ ಬಂತು. ಪೆನ್ಸಿಲ್ ದಪ್ಪ ಇತ್ತು, ಪಕ್ಕದಲ್ಲಿ ಕೂತ ಅಪ್ಪ ಇದೇನು ಮಾಡ್ತಿದ್ದೀಯ ಅಂತ ಕೇಳ್ತಾನೇ ಇದ್ದರು.